ಸುಟ್ಟ ಮನೆಯ ಅಂದಾಜು ಪಟ್ಟಿ

ನಮ್ಮೂರಿನ ಸಮುದಾಯ ಭವನ ಕಟ್ಟುವಾಗ ನಾನು ಐದನೇ ಕ್ಲಾಸಿನಲ್ಲಿದ್ದೆ. ಅದಕ್ಕೆ ಕಲ್ಲು ಹೊತ್ತವರಲ್ಲಿ ನಮ್ಮಪ್ಪನೂ ಒಬ್ಬ. ಸರ್ಕಾರದ ದುಡ್ಡು, ಸರ್ಕಾರಿ ಜಾಗ, ಗೋಡೆಯ ಮೇಲೆ ಮಂತ್ರಿಗಳ ಹೆಸರು ಕೆತ್ತಿದ ಕಲ್ಲು. ಎಲ್ಲ ಮುಗಿದ ಮೇಲೆ ಬೀಗದ ಕೈ ಮಾತ್ರ ಊರ ಯಜಮಾನರೊಬ್ಬರ ಮನೆಯ ಗೂಡು ಸೇರಿತು. ಅಕ್ಕನ ಮದುವೆಗೆ ಅಪ್ಪ ಕೇಳಲು ಹೋದ. "ಬುದ್ದಿ, ಒಂದು ದಿನದ ಮಟ್ಟಿಗೆ ಕೊಡಿ" ಅಂದ. "ಕೊಡಬಾರದು ಅಂತೇನಿಲ್ಲ ಕಣ್ಲಾ, ಒಳಗೆ ರಿಪೇರಿ ಅದೆ" ಅಂದರಂತೆ. ಅಕ್ಕನ ಮದುವೆ ಕೇರಿಯ ಚಪ್ಪರದಲ್ಲೇ ಆಯಿತು. ಮಾರನೇ ವಾರ ಅದೇ ಭವನದಲ್ಲಿ ಬೇರೆಯವರ ಮದುವೆಯ ವಾಲಗ ಊದಿತು. ರಿಪೇರಿ ಇದ್ದದ್ದು ನಮಗೆ ಮಾತ್ರ.

ಹೋದ ವರ್ಷ ಆ ಕಟ್ಟಡ ಸೋರುತ್ತಿದೆ, ಕೆಡವಿ ಹೊಸದು ಕಟ್ಟೋಣ ಎಂದು ಗ್ರಾಮಸಭೆ ಕರೆದರು. ಎಂಜಿನಿಯರ್ ಅಂದಾಜು ಪಟ್ಟಿ ಓದಿದರು. ಸಿಮೆಂಟು, ಕಬ್ಬಿಣ, ಟೈಲ್ಸು, ಊಟದ ಹಾಲು, ಅಡುಗೆ ಕೋಣೆ, ಬಚ್ಚಲು, ಕಕ್ಕಸು. ನಾನು ಎದ್ದು ನಿಂತು "ಬೀಗದ ಕೈ ಯಾರ ಹತ್ತಿರ ಇರುತ್ತೆ?" ಅಂತ ಕೇಳಿದೆ. ಅವರು ಹಾಳೆ ತಿರುವಿ ನೋಡಿ, "ಸಾರ್, ಅದು ಎಸ್ಟಿಮೇಟಲ್ಲಿ ಬರಲ್ಲ" ಅಂದರು. ಸಭೆಯಲ್ಲಿ ಒಂದಿಬ್ಬರು ನಕ್ಕರು.

ಈ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ನಮ್ಮ ದಲಿತ ವಿಮರ್ಶೆ ಕತೆ, ಕವಿತೆ, ಪುರಾಣ, ಆತ್ಮಕತೆಗಳನ್ನು ಓದಿದೆ; ಓದಲೇಬೇಕಿತ್ತು. ಆದರೆ ಅಂದಾಜು ಪಟ್ಟಿ, ಗುತ್ತಿಗೆ ಪತ್ರ, ಠರಾವಿನ ಪುಸ್ತಕ, ಬಜೆಟ್ಟು ಇವುಗಳನ್ನು ಪಠ್ಯಗಳೆಂದು ನಾವು ಓದಿದ್ದು ಕಡಿಮೆ. ನಮ್ಮನ್ನು ಹೊರಗಿಟ್ಟ ವಾಕ್ಯಗಳಲ್ಲಿ ಹೆಚ್ಚಿನವು ಕಾವ್ಯದಲ್ಲಿಲ್ಲ, ಇಂಥ ಹಾಳೆಗಳಲ್ಲಿವೆ. ಇದನ್ನು ತೋರಿಸಲು ನಾನಿಲ್ಲಿ ದೂರದ ಒಂದು ಕಟ್ಟಡದ ಚರಿತ್ರೆಯನ್ನು ಹೇಳಬೇಕೆಂದಿದ್ದೇನೆ. ಅದು ಅಮೆರಿಕದ ಉತ್ತರ ಕ್ಯಾರೊಲಿನ ರಾಜ್ಯದ ಗ್ರೀನ್ಸ್‌ಬರೊ ನಗರದ ಗಿಲೆಸ್ಪಿ ಪಾರ್ಕ್ ಎಂಬ ಗಾಲ್ಫ್ ಮೈದಾನದ ಕ್ಲಬ್‌ಹೌಸು. 1957ರಲ್ಲಿ ಅದು ಸುಟ್ಟುಹೋಯಿತು. ಅದರ ಜಾಗದಲ್ಲಿ ಇನ್ನೊಂದನ್ನು ಕಟ್ಟುವುದೇ ಬೇಡವೇ ಎಂಬ ಪ್ರಶ್ನೆಯಲ್ಲಿ ಆ ನಗರದ ವರ್ಣನೀತಿಯೆಲ್ಲ ಬಯಲಾಯಿತು.

ಗಾಲ್ಫ್ ಅಂದಕೂಡಲೇ ನಮ್ಮ ಓದುಗರು ಮುಖ ಸಿಂಡರಿಸುತ್ತಾರೆಂದು ಬಲ್ಲೆ. ನಮ್ಮಲ್ಲಿ ಅದು ಸಾಹೇಬರ ಆಟ, ದೊಡ್ಡ ಅಧಿಕಾರಿಗಳ ಆಟ. ಆದರೆ ಅಮೆರಿಕದಲ್ಲಿ ಶ್ರೀಮಂತರ ಖಾಸಗಿ ಕ್ಲಬ್ಬುಗಳ ಜೊತೆಗೆ ನಗರಸಭೆಯ ಮೈದಾನಗಳೂ ಇವೆ. ನಮ್ಮೂರಿನ ಮುನಿಸಿಪಲ್ ಪಾರ್ಕು, ಈಜುಕೊಳ ಇದ್ದಹಾಗೆ. ನೆಲ ನಗರದ್ದು, ಖರ್ಚು ತೆರಿಗೆದಾರರದ್ದು. ಕೌಂಟರಿನಲ್ಲಿ ಇಷ್ಟು ಅಂತ ಶುಲ್ಕ ಕಟ್ಟಿದವನು ಆಡಬಹುದು. ಕ್ಲಬ್‌ಹೌಸ್ ಎಂದರೆ ಆ ಮೈದಾನದ ಬಾಗಿಲು. ಶುಲ್ಕ ಕಟ್ಟುವುದು ಅಲ್ಲಿ, ಬಟ್ಟೆ ಬದಲಿಸುವುದು ಅಲ್ಲಿ, ಮೈ ತೊಳೆಯುವುದು, ನೀರು ಕುಡಿಯುವುದು, ಕೂತು ತಿನ್ನುವುದು ಅಲ್ಲಿ. ಹುಲ್ಲಿನ ಬಯಲಿನಲ್ಲಿ ಒಬ್ಬರಿಂದೊಬ್ಬರು ನೂರು ಗಜ ದೂರವಿರಬಹುದು, ಕ್ಲಬ್‌ಹೌಸಿನಲ್ಲಿ ಹಾಗಾಗುವುದಿಲ್ಲ. ನೀರು, ಅನ್ನ, ಬಚ್ಚಲು ಎಲ್ಲಿ ಸೇರುತ್ತವೋ ಅಲ್ಲೇ ಮುಟ್ಟು-ಮಡಿಯ ಜಗಳ ಶುರುವಾಗುತ್ತದೆ. ಇದನ್ನು ಕೇರಿಯಲ್ಲಿ ಹುಟ್ಟಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಗಿಲೆಸ್ಪಿ ಪಾರ್ಕ್ ಮೈದಾನ ತೆರೆದದ್ದು 1941ರಲ್ಲಿ. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ನಿರುದ್ಯೋಗಿಗಳಿಗೆ ಕೆಲಸ ಕೊಡಲೆಂದು ರೂಸ್‌ವೆಲ್ಟ್ ಸರ್ಕಾರ 1935ರಲ್ಲಿ ಆರಂಭಿಸಿದ ಡಬ್ಲ್ಯು.ಪಿ.ಎ. ಎಂಬ ಯೋಜನೆಯ ನೆರವಿನಿಂದ ಅದು ಆಯಿತು. ನೆಲದಲ್ಲಿ ಒಂದು ಪಾಲು ನಗರದ್ದು, ಇನ್ನೊಂದು ಪಾಲು ಶಾಲಾ ಮಂಡಳಿಯದ್ದು. ಹದಿನೆಂಟು ಗುಳಿಗಳ ಪೂರ್ಣ ಮೈದಾನ. ಎಂದರೆ, ಅದರಲ್ಲಿ ಖಾಸಗಿ ಎನ್ನುವಂಥದ್ದು ಏನೂ ಇರಲಿಲ್ಲ. ದುಡ್ಡು ದೇಶದ್ದು, ನೆಲ ಊರಿನದ್ದು. ಆಡುವ ಹಕ್ಕು ಮಾತ್ರ ಬಿಳಿಯರದ್ದು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಕಪ್ಪು ಜನರು ನಾವೂ ತೆರಿಗೆ ಕಟ್ಟುತ್ತೇವೆ, ನಾವೂ ಆಡಬೇಕು ಎಂದು ಕೇಳತೊಡಗಿದರು. ನಗರ ಎರಡು ಉಪಾಯ ಹೂಡಿತು. ಒಂದು, ಕಪ್ಪು ಜನರಿಗೆಂದೇ ನೋಕೊ ಪಾರ್ಕ್ ಎಂಬಲ್ಲಿ ಒಂಬತ್ತು ಗುಳಿಗಳ ಚಿಕ್ಕ ಮೈದಾನ ಮಾಡಿಕೊಟ್ಟಿತು. ಅದು ಇದ್ದದ್ದು ಊರಿನ ಕೊಳಚೆ ನೀರಿನ ಘಟಕದ ಪಕ್ಕದಲ್ಲಿ. ಎರಡು, 1949ರಲ್ಲಿ ಗಿಲೆಸ್ಪಿ ಮೈದಾನವನ್ನು ಬಿಳಿಯರ ಒಂದು ಕ್ಲಬ್ಬಿಗೆ ವರ್ಷಕ್ಕೆ ಒಂದು ಡಾಲರಿನ ಲೆಕ್ಕದಲ್ಲಿ ಗುತ್ತಿಗೆ ಬರೆದುಕೊಟ್ಟಿತು. ಈಗ ಯಾರಾದರೂ ಕೇಳಿದರೆ ನಗರಸಭೆಗೆ ಉತ್ತರ ಸಿದ್ಧ: "ಇದು ನಮ್ಮದಲ್ಲ, ಖಾಸಗಿ ಕ್ಲಬ್ಬಿನದು, ಅಲ್ಲಿ ಕೇಳಿ." ಒಂದು ಡಾಲರಿನ ಆ ಕಾಗದವನ್ನು ನಾನು ವರ್ಣಭೇದದ ಒಂದು ದೊಡ್ಡ ಪಠ್ಯ ಎಂದೇ ಕರೆಯುತ್ತೇನೆ. ಅದರೊಳಗೆ ಕಪ್ಪು ಎಂಬ ಪದ ಬರಬೇಕಾದ ಅಗತ್ಯವೇ ಇಲ್ಲ. ಬೀಗದ ಕೈ ಕೈ ಬದಲಾಯಿಸಿದರೆ ಸಾಕು.

1955ರ ಡಿಸೆಂಬರ್ 7ರಂದು ಜಾರ್ಜ್ ಸಿಮ್ಕಿನ್ಸ್ ಎಂಬ ದಂತವೈದ್ಯರೂ ಅವರ ಐವರು ಗೆಳೆಯರೂ ಗಿಲೆಸ್ಪಿ ಕ್ಲಬ್‌ಹೌಸಿನೊಳಕ್ಕೆ ನಡೆದುಹೋದರು. ಸರಿಯಾಗಿ ಒಂದು ತಿಂಗಳ ಹಿಂದೆ, ನವೆಂಬರ್ 7ರಂದು, ಅಟ್ಲಾಂಟದ ಹೋಮ್ಸ್ ಕುಟುಂಬದವರು ಹೂಡಿದ್ದ ದಾವೆಯಲ್ಲಿ ನಗರಸಭೆಯ ಗಾಲ್ಫ್ ಮೈದಾನದಲ್ಲಿ ವರ್ಣಭೇದ ಸಲ್ಲದೆಂದು ಅಮೆರಿಕದ ಸುಪ್ರೀಂ ಕೋರ್ಟು ಹೇಳಿತ್ತು. ಈ ಆರು ಜನ ಕೌಂಟರಿನ ಮೇಲೆ ತಲಾ 75 ಸೆಂಟು ಇಟ್ಟರು. ತೆಗೆದುಕೊಳ್ಳಲಿಲ್ಲ. ದುಡ್ಡನ್ನು ಅಲ್ಲೇ ಬಿಟ್ಟು ಹೋಗಿ ಆಡತೊಡಗಿದರು. ಮೈದಾನದ ವ್ಯವಸ್ಥಾಪಕ ಹಿಂದೆಯೇ ಬಂದು ಬೈದ; ಇವರು ಆಡುತ್ತಲೇ ಹೋದರು. ಸಂಜೆ ಅತಿಕ್ರಮ ಪ್ರವೇಶದ ಆರೋಪದ ಮೇಲೆ ಬಂಧನವಾಯಿತು. ಅದೇ ಊರಿನ ವುಲ್‌ವರ್ತ್ ಅಂಗಡಿಯ ಊಟದ ಕೌಂಟರಿನಲ್ಲಿ ನಾಲ್ವರು ವಿದ್ಯಾರ್ಥಿಗಳು ಕೂತು ಜಗತ್ಪ್ರಸಿದ್ಧರಾದದ್ದು 1960ರ ಫೆಬ್ರವರಿ 1ರಂದು. ಅದಕ್ಕೆ ನಾಲ್ಕು ವರ್ಷಕ್ಕೂ ಹಿಂದಿನ ಮಾತಿದು.

ಮುಂದೆ ಕತೆ ಎರಡು ದಾರಿಯಲ್ಲಿ ನಡೆಯಿತು. ರಾಜ್ಯದ ಕೋರ್ಟುಗಳಲ್ಲಿ ಇವರು ಆರೋಪಿಗಳು. ಫೆಡರಲ್ ಕೋರ್ಟಿನಲ್ಲಿ ಇವರೇ ಫಿರ್ಯಾದುದಾರರು. 1957ರ ಮಾರ್ಚಿನಲ್ಲಿ ಫೆಡರಲ್ ನ್ಯಾಯಾಧೀಶ ಜಾನ್ಸನ್ ಹೇಯ್ಸ್ ಆ ಗುತ್ತಿಗೆಯ ಪರದೆಯನ್ನು ಸರಿಸಿದರು. ಇದು ಕ್ಲಬ್ಬು ಎನ್ನುತ್ತೀರಿ, ಆದರೆ ಬಿಳಿಯನಾದವನು ಸದಸ್ಯನಲ್ಲದಿದ್ದರೂ ಶುಲ್ಕ ಕೊಟ್ಟು ಆಡಬಹುದು; ಹಾಗಾದರೆ ಇದು ಸಾರ್ವಜನಿಕ ಮೈದಾನವೇ; ಸಾರ್ವಜನಿಕ ಆಸ್ತಿಯನ್ನು ಗುತ್ತಿಗೆ ಕೊಟ್ಟ ಮಾತ್ರಕ್ಕೆ ನಗರ ತನ್ನ ಸಂವಿಧಾನಬದ್ಧ ಹೊಣೆಯಿಂದ ನುಣುಚಿಕೊಳ್ಳಲಾಗದು. ತೀರ್ಪಿನ ತಿರುಳು ಇದು. ಮೇಲ್ಮನವಿ ಕೋರ್ಟೂ ಅದೇ ವರ್ಷ ಎತ್ತಿಹಿಡಿಯಿತು.

ಆ ಆದೇಶ ಜಾರಿಗೆ ಬರುವ ಕೆಲವು ದಿನ ಮುಂಚೆ ಕ್ಲಬ್‌ಹೌಸಿಗೆ ಬೆಂಕಿ ಬಿತ್ತು.

ಬೆಂಕಿ ಹೇಗೆ ಬಿತ್ತು ಎಂಬ ಪತ್ತೇದಾರಿಕೆ ನನ್ನ ಕೆಲಸವಲ್ಲ. ಅದರ ಮಾರನೇ ದಿನದಿಂದ ನಗರ ಏನು ಮಾಡಿತು ಎಂಬುದು ಚರಿತ್ರೆ. ಯಾವ ನಗರವೇ ಆಗಲಿ, ಕಟ್ಟಡ ಸುಟ್ಟರೆ ಅಂದಾಜು ಮಾಡಿಸುತ್ತದೆ. ಎಷ್ಟು ಚದರಡಿ, ಎಷ್ಟು ಖರ್ಚು, ಸಾಲಪತ್ರ ಮಾರಿ ಎತ್ತುವುದೋ, ಆಟದ ಶುಲ್ಕದಿಂದ ತೀರಿಸುವುದೋ ಎಂದು ಲೆಕ್ಕ ಹಾಕುತ್ತದೆ. ಅಲ್ಲಿಯವರೆಗೆ ಒಂದು ಶೆಡ್ಡು ಹಾಕಿ ಟಿಕೆಟು ಕೊಡಲೂಬಹುದು, ಹುಲ್ಲು ಸುಟ್ಟಿರಲಿಲ್ಲವಲ್ಲ! ಗ್ರೀನ್ಸ್‌ಬರೊ ಮೈದಾನವನ್ನೇ ಮುಚ್ಚಿತು. ಮಕ್ಕಳಿಗೆ ಕೊಡಬೇಕಾಗುತ್ತದೆಂದು ತಿಂಡಿಯನ್ನೇ ಮಣ್ಣುಪಾಲು ಮಾಡಿದ ಹಾಗೆ, ಕರಿಯರು ಆಡುವುದಾದರೆ ಬಿಳಿಯರೂ ಆಡುವುದು ಬೇಡ ಎಂದಾಯಿತು. 1941ರಲ್ಲಿ, ದೇಶವೇ ಬಡತನದಿಂದ ಎದ್ದೇಳುತ್ತಿದ್ದಾಗ, ದುಡ್ಡು ಹೊಂದಿಸಿ ಮೈದಾನ ಕಟ್ಟಿದ ಊರು ಅದು. 1957ರ ಸಮೃದ್ಧಿಯಲ್ಲಿ ಅದಕ್ಕೆ ಒಂದು ಮನೆ ಎಬ್ಬಿಸುವುದು ಬೇಡವಾಯಿತು. ಆದ್ದರಿಂದ ನಾನು ಹೇಳುವುದು: ಕಟ್ಟಿದ ಕಟ್ಟಡದಷ್ಟೇ ಕಟ್ಟದೆ ಬಿಟ್ಟ ಕಟ್ಟಡವೂ ದಾಖಲೆ. ದುಡ್ಡಿಲ್ಲ ಎನ್ನುವುದು ಬಹಳ ಸಲ ಲೆಕ್ಕದ ಮಾತಲ್ಲ, ಯಾರಿಗಾಗಿ ಎಂಬ ಮಾತು.

ಇತ್ತ ಕ್ರಿಮಿನಲ್ ಮೊಕದ್ದಮೆ ನಿಲ್ಲಲಿಲ್ಲ. ಫೆಡರಲ್ ಕೋರ್ಟಿನಲ್ಲಿ ಗೆದ್ದವರೇ ರಾಜ್ಯದ ಕೋರ್ಟಿನಲ್ಲಿ ಅಪರಾಧಿಗಳು. 1960ರ ಜೂನಿನಲ್ಲಿ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರ ಬಹುಮತದಿಂದ ಅವರ ಮೇಲ್ಮನವಿಯನ್ನು ತಳ್ಳಿಹಾಕಿತು. ಕಾರಣ ಕೇಳಿ: ಫೆಡರಲ್ ನ್ಯಾಯಾಧೀಶರು ಕಂಡುಕೊಂಡ ಸಂಗತಿಗಳನ್ನು ಇವರ ವಕೀಲರು ರಾಜ್ಯದ ಕೋರ್ಟಿನ ಕಡತದಲ್ಲಿ ಸರಿಯಾಗಿ ಸೇರಿಸಿರಲಿಲ್ಲ. ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರನ್ ಭಿನ್ನಮತ ಬರೆದರು. ಕೊನೆಗೆ ಗವರ್ನರ್ ಲೂಥರ್ ಹಾಜಸ್ ಶಿಕ್ಷೆಯನ್ನು ಇಳಿಸಿದ್ದರಿಂದ ಜೈಲು ತಪ್ಪಿತು. ಒಂದು ಕಾಗದ ಕಡತಕ್ಕೆ ಸೇರದಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ಕಾರ್ಯಕರ್ತರು ಇಲ್ಲಿಂದ ಕಲಿಯಬೇಕು. ಬೀದಿಯಲ್ಲಿ ಗೆದ್ದದ್ದನ್ನು ಕಡತದಲ್ಲಿ ಕಳೆದುಕೊಳ್ಳುವುದು ನಮಗೂ ಹೊಸದೇನಲ್ಲ.

1962ರ ಡಿಸೆಂಬರಿನಲ್ಲಿ, ಬಂಧನವಾಗಿ ಏಳು ವರ್ಷ ತುಂಬಿದ ಹೊತ್ತಿಗೆ, ಗಿಲೆಸ್ಪಿ ಮತ್ತೆ ತೆರೆಯಿತು. ಮೊದಲ ಚೆಂಡು ಹೊಡೆದವರು ಸಿಮ್ಕಿನ್ಸ್. ಆದರೆ ಹದಿನೆಂಟು ಗುಳಿಗಳ ಮೈದಾನ ಒಂಬತ್ತಕ್ಕೆ ಇಳಿದಿತ್ತು. ನಮ್ಮ ಪಾಲಿಗೆ ಬರುವ ಹೊತ್ತಿಗೆ ಎಲ್ಲವೂ ಅರ್ಧವಾಗಿರುತ್ತದೆ.

ಇದು ಒಂದೂರಿನ ಕತೆಯಲ್ಲ. ಮಯಾಮಿಯಲ್ಲಿ ನಗರದ ಮೈದಾನದಲ್ಲಿ ಕಪ್ಪು ಜನರು ಸೋಮವಾರ ಮಾತ್ರ ಆಡಬಹುದಿತ್ತು. ಜೋಸೆಫ್ ರೈಸ್ ಎಂಬುವರು ಕೋರ್ಟಿಗೆ ಹೋದರು. ಫ್ಲಾರಿಡದ ಕೋರ್ಟುಗಳು ಆ ಸೋಮವಾರವೇ ಸಮಾನತೆ ಎಂದವು. ಜ್ಯಾಕ್ಸನ್‌ವಿಲ್ ನಗರ ಕೋರ್ಟಿನ ಆದೇಶ ಬಂದ ಮೇಲೆ 1959ರಲ್ಲಿ ತನ್ನ ಮೈದಾನಗಳನ್ನು ಮುಚ್ಚಿ ಮಾರಿಬಿಟ್ಟಿತು. ಗಾಲ್ಫಿಗಲ್ಲದೆ ಬೇರೆಯದಕ್ಕೆ ಬಳಸಿದರೆ ನೆಲ ನಗರಕ್ಕೇ ಮರಳಬೇಕು ಎಂಬ ಷರತ್ತನ್ನು ಮಾತ್ರ ಕ್ರಯಪತ್ರದಲ್ಲಿ ಉಳಿಸಿಕೊಂಡಿತ್ತು. 1962ರಲ್ಲಿ ಮೇಲ್ಮನವಿ ಕೋರ್ಟು ಆ ಷರತ್ತನ್ನೇ ಹಿಡಿದು, ನಗರದ ಕೈ ಇನ್ನೂ ಇದರಲ್ಲಿದೆ, ಭೇದ ಮಾಡುವಂತಿಲ್ಲ ಎಂದಿತು. ಡೆಲವೇರ್ ರಾಜ್ಯದ ವಿಲ್ಮಿಂಗ್ಟನ್‌ನಲ್ಲಿ ಸಾರ್ವಜನಿಕ ವಾಹನ ನಿಲ್ದಾಣದ ಕಟ್ಟಡದೊಳಗೆ ಬಾಡಿಗೆಗಿದ್ದ ಖಾಸಗಿ ಹೋಟೆಲು ಕಪ್ಪು ಗಿರಾಕಿಯನ್ನು ಹೊರಗಟ್ಟಿತು. 1961ರಲ್ಲಿ ಸುಪ್ರೀಂ ಕೋರ್ಟು, ಕಟ್ಟಡ ಸರ್ಕಾರದ್ದಾದ ಮೇಲೆ ಒಳಗಿನ ಬಾಡಿಗೆದಾರನೂ ಅದರ ನೆರಳಿನಿಂದ ತಪ್ಪಿಸಿಕೊಳ್ಳಲಾರ ಎಂದಿತು. ಇನ್ನು ರಾಜಧಾನಿ ವಾಷಿಂಗ್ಟನ್ನಿನ ಲ್ಯಾಂಗ್‌ಸ್ಟನ್ ಮೈದಾನ. ಅಲ್ಲಿ ಕಪ್ಪು ಗಂಡಸರ ಜೊತೆಗೆ ವೇಕ್-ರಾಬಿನ್ ಎಂಬ, 1937ರಲ್ಲಿ ಹುಟ್ಟಿದ ಕಪ್ಪು ಹೆಂಗಸರ ಗಾಲ್ಫ್ ಸಂಘವೂ ಆಂತರಿಕ ಇಲಾಖೆಯ ಕಾರ್ಯದರ್ಶಿ ಹೆರಾಲ್ಡ್ ಇಕಿಸ್‌ಗೆ ಮನವಿ ಕೊಟ್ಟು ಹೋರಾಡಿತು. 1939ರಲ್ಲಿ ಮೈದಾನ ಸಿಕ್ಕಿತು, ಹಳೆಯ ಕಸದ ಗುಂಡಿಯಿದ್ದ ಜಾಗದಲ್ಲಿ. ಒಂದು ಕಡೆ ಕೊಳಚೆ, ಇನ್ನೊಂದು ಕಡೆ ಕಸ. ಊರು-ಕೇರಿಯ ನಕ್ಷೆಯನ್ನು ಬರೆಯುವ ಕೈ ಎಲ್ಲ ದೇಶದಲ್ಲೂ ಒಂದೇ ಥರ ಬರೆಯುತ್ತದೆ.

ಇಲ್ಲಿಗೆ ಬಂದಾಗ ನನಗೆ ಮಹಾಡ್ ನೆನಪಾಗದೆ ಇರದು. 1923ರಲ್ಲಿ ಬೊಂಬಾಯಿ ವಿಧಾನ ಪರಿಷತ್ತಿನಲ್ಲಿ ಎಸ್.ಕೆ. ಬೋಲೆಯವರು ಮಂಡಿಸಿದ ಠರಾವು, ಸಾರ್ವಜನಿಕ ಹಣದಿಂದ ಕಟ್ಟಿ ನಡೆಸುವ ಕೆರೆ, ಬಾವಿ, ಧರ್ಮಶಾಲೆಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂದಿತು. ಮಹಾಡ್ ಪುರಸಭೆ 1924ರಲ್ಲಿ ಚವದಾರ್ ಕೆರೆಯನ್ನು ಕಾಗದದ ಮೇಲೆ ತೆರೆಯಿತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಹೋಗಿ ಆ ನೀರನ್ನು ಕುಡಿದರು. ಸವರ್ಣೀಯರು ಗಂಜಲ, ಸೆಗಣಿ ಹಾಕಿ ಕೆರೆಯನ್ನು 'ಶುದ್ಧ' ಮಾಡಿದರು. ಪುರಸಭೆ ತನ್ನ ಠರಾವನ್ನು ಹಿಂತೆಗೆಯಿತು. ಆಮೇಲೆ ಸವರ್ಣೀಯರು ಕೋರ್ಟಿಗೆ ಹೋಗಿ ಮಂಡಿಸಿದ ವಾದ ಏನು ಗೊತ್ತೆ? ಈ ಕೆರೆ ಸಾರ್ವಜನಿಕವೇ ಅಲ್ಲ, ನಮ್ಮ ಖಾಸಗಿ ಆಸ್ತಿ! ಆ ವಾದ ಬಿದ್ದುಹೋಗಿ ಬೊಂಬಾಯಿ ಹೈಕೋರ್ಟಿನ ತೀರ್ಪು ಬಂದದ್ದು 1937ರ ಮಾರ್ಚ್ 17ರಂದು, ಸರಿಸುಮಾರು ಹತ್ತು ವರ್ಷಕ್ಕೆ. ಗ್ರೀನ್ಸ್‌ಬರೊದ ಒಂದು ಡಾಲರಿನ ಗುತ್ತಿಗೆಗೂ ಮಹಾಡಿನ ಖಾಸಗಿ ಕೆರೆಯ ವಾದಕ್ಕೂ ಎಷ್ಟು ಅಂತರ? ನಾವು ಹತ್ತಿರ ಬಂದೊಡನೆ ಸಾರ್ವಜನಿಕವಾದದ್ದು ಖಾಸಗಿಯಾಗಿಬಿಡುತ್ತದೆ.

ಈ ಅನುಭವದಿಂದ ನೋಡಿದರೆ ನಮ್ಮ ಸಂವಿಧಾನದ 15(2)ನೇ ವಿಧಿಯ ಮಾತುಗಳು ಬೇರೆಯೇ ಆಗಿ ಕೇಳಿಸುತ್ತವೆ. ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಸಾರ್ವಜನಿಕರು ಸೇರುವ ತಾಣ, ಇವುಗಳನ್ನು ಪೂರ್ತಿಯಾಗಿಯೋ ಭಾಗಶಃವಾಗಿಯೋ ಸರ್ಕಾರದ ಹಣದಿಂದ ನಿರ್ವಹಿಸುತ್ತಿದ್ದರೆ ಅಲ್ಲಿ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ. 'ಭಾಗಶಃ' ಎನ್ನುವ ಆ ಒಂದು ಪದ ಸುಮ್ಮನೆ ಬಂದದ್ದಲ್ಲ. ಒಂದು ರೂಪಾಯಿ ಸರ್ಕಾರದ್ದಿದ್ದರೂ ಬಾಗಿಲು ತೆರೆಯಬೇಕು ಎಂದು ಅದರ ಅರ್ಥ. ದುಡ್ಡಿನ ಮೂಲ ಹಿಡಿದು ಬಾಗಿಲು ತೆರೆಸುವ ಈ ದಾರಿಯನ್ನೇ ಸಿಮ್ಕಿನ್ಸ್ ಮುಂದೆ ಹಿಡಿದರು. ಫೆಡರಲ್ ಸರ್ಕಾರದ ಹಿಲ್-ಬರ್ಟನ್ ಅನುದಾನ ಪಡೆದು ಕಟ್ಟಿದ ಗ್ರೀನ್ಸ್‌ಬರೊದ ಆಸ್ಪತ್ರೆಗಳು ಕಪ್ಪು ರೋಗಿಗಳನ್ನೂ ವೈದ್ಯರನ್ನೂ ಹೊರಗಿಟ್ಟಾಗ ಅವರು ಮತ್ತೆ ದಾವೆ ಹೂಡಿದರು. 1963ರಲ್ಲಿ ಮೇಲ್ಮನವಿ ಕೋರ್ಟು, ಸಾರ್ವಜನಿಕ ಹಣ ಪಡೆದ ಆಸ್ಪತ್ರೆ ಭೇದ ಮಾಡಕೂಡದು ಎಂದಿತು. 1964ರಲ್ಲಿ ಸುಪ್ರೀಂ ಕೋರ್ಟು ಅದರಲ್ಲಿ ಕೈಯಾಡಿಸಲು ಒಪ್ಪಲಿಲ್ಲ. ಗಾಲ್ಫಿನ ಚೆಂಡು ಹಿಡಿದು ಶುರುವಾದ ಜಗಳ ಆಸ್ಪತ್ರೆಯ ಹಾಸಿಗೆಯವರೆಗೆ ಬಂತು.

"ಹೊಟ್ಟೆಗಿಲ್ಲದವರ ನಡುವೆ ಗಾಲ್ಫಿನ ಹೋರಾಟ ಯಾಕ್ರೀ?" ಎಂದು ಕೇಳುವ ಗೆಳೆಯರಿಗೆ ನನ್ನ ಉತ್ತರವೂ ಇದೇ. ಆ ಆರು ಜನರಲ್ಲಿ ಮುಂದಾಳಾಗಿದ್ದವರು ಓದಿದ, ಕಾಸಿದ್ದ ಡಾಕ್ಟರು. ಗಾಲ್ಫಿನ ಚೀಲ ಹೊರುತ್ತಿದ್ದ ಬಡ ಕಪ್ಪು ಹುಡುಗರ ಕತೆ ಬೇರೆಯೇ ಇದೆ, ಅದನ್ನು ಮುಚ್ಚಿಡಬಾರದು. ಆದರೆ ಬಾಗಿಲು ತೆರೆಸುವ ನ್ಯಾಯ ಒಂದು ಕಡೆ ಗಟ್ಟಿಯಾದರೆ ಇನ್ನೊಂದು ಕಡೆಗೆ ಸಾಗುತ್ತದೆ. ಕೆರೆಯ ನೀರಿಲ್ಲದೆ ಮಹಾಡಿನ ಜನ ಅಲ್ಲಿಯವರೆಗೆ ಬದುಕಿರಲಿಲ್ಲವೆ? ಬದುಕಿದ್ದರು. ನಾವೂ ಮನುಷ್ಯರು ಎಂದು ಸ್ಥಾಪಿಸುವುದಕ್ಕೇ ಕೆರೆಗೆ ಹೋಗುತ್ತಿದ್ದೇವೆ ಎಂಬ ಅರ್ಥದ ಮಾತನ್ನು ಬಾಬಾಸಾಹೇಬರೇ ಹೇಳಿದ್ದರು.

ಈಗಿನ ಕಾಲಕ್ಕೆ ಬಂದರೆ ಪ್ರಶ್ನೆ ಸೂಕ್ಷ್ಮವಾಗಿದೆ. ಅಮೆರಿಕದ ನಗರಗಳ ಹಳೆಯ ಕ್ಲಬ್‌ಹೌಸುಗಳು ಶಿಥಿಲವಾಗಿವೆ. ಹೊಸದಕ್ಕೆ ನಗರ ಸಾಲ ಎತ್ತಬೇಕು, ಇಲ್ಲವೇ ಶುಲ್ಕ ಏರಿಸಬೇಕು, ಇಲ್ಲವೇ ದಾನಿಗಳನ್ನು ಹುಡುಕಬೇಕು. ಹೋಮ್ಸ್ ಕುಟುಂಬವನ್ನು 1951ರಲ್ಲಿ ಹೊರಗೆ ಕಳಿಸಿದ್ದ ಅಟ್ಲಾಂಟದ ಬಾಬಿ ಜೋನ್ಸ್ ಮೈದಾನ 2016ರಲ್ಲಿ ನಗರದಿಂದ ರಾಜ್ಯ ಸರ್ಕಾರದ ಕೈಗೆ ಹೋಯಿತು. ಒಂದು ಪ್ರತಿಷ್ಠಾನ ದೀರ್ಘಾವಧಿ ಗುತ್ತಿಗೆ ಹಿಡಿದು, ದಾನಿಗಳ ಹಣ ಕೂಡಿಸಿ, 2018ರಲ್ಲಿ ಮೈದಾನವನ್ನು ಹೊಸದಾಗಿ ತೆರೆಯಿತು. ಆಮೇಲೆ ಹೊಸ ಕ್ಲಬ್‌ಹೌಸೂ ಎದ್ದಿತು. ಇದರಲ್ಲಿ ಕೆಡುಕಿದೆ ಎಂದು ನಾನು ಹೇಳುತ್ತಿಲ್ಲ. ಬಣ್ಣ ನೋಡಿ ಅಲ್ಲಿ ಈಗ ಯಾರನ್ನೂ ತಡೆಯುವಂತಿಲ್ಲ. ಆದರೆ ಸಾರ್ವಜನಿಕ ಕಟ್ಟಡವನ್ನು ಖಾಸಗಿ ದುಡ್ಡು ಎಬ್ಬಿಸುವಾಗೆಲ್ಲ ಕೇಳಲೇಬೇಕಾದ ಪ್ರಶ್ನೆಗಳಿವೆ. ಶುಲ್ಕ ನಿಗದಿ ಮಾಡುವವರು ಯಾರು? ಸಮಿತಿಯಲ್ಲಿ ಕೂರುವವರು ಯಾರು? ಬಣ್ಣ ತಡೆಯದಿದ್ದರೆ ಬೆಲೆ ತಡೆಯಬಹುದು.

ನಮ್ಮಲ್ಲಿಯೂ ಅಷ್ಟೆ. ಕರ್ನಾಟಕದಲ್ಲಿ ಪರಿಶಿಷ್ಟರ ಉಪಯೋಜನೆಗೆ 2013ರಲ್ಲಿ ಕಾಯ್ದೆ ಬಂತು. ಅದರಲ್ಲಿ 7(ಡಿ) ಎಂಬ ಒಂದು ಕಲಂ ಇತ್ತು. ಎಲ್ಲರಿಗೂ ಸೇರಿದ ಕಾಮಗಾರಿಯಲ್ಲಿ ಒಂದು ಪಾಲನ್ನು ನಮಗಾಗಿ ಖರ್ಚು ಮಾಡಿದಂತೆ ಭಾವಿಸಿಕೊಳ್ಳಲು ಅದು ಅವಕಾಶ ಕೊಟ್ಟಿತ್ತು. ನಮ್ಮ ಹೆಸರಿನ ದುಡ್ಡು ಭಾವನೆಯಲ್ಲೇ ಖರ್ಚಾಗುತ್ತಿತ್ತು. ಸಂಘಟನೆಗಳು ವರ್ಷಗಟ್ಟಲೆ ಹೋರಾಡಿದ ಮೇಲೆ 2023ರಲ್ಲಿ ಆ ಕಲಂ ಹೋಯಿತು. ಒಂದು ಕಾಯ್ದೆಯ ಒಂದು ಅಕ್ಷರವನ್ನು ಓದಲು ಕಲಿತದ್ದರಿಂದ ಅದು ಸಾಧ್ಯವಾಯಿತು. ಇದೂ ವಿಮರ್ಶೆಯೇ ಅಲ್ಲವೆ?

ಮತ್ತೆ ನಮ್ಮೂರಿಗೆ ಬರುತ್ತೇನೆ. ಎರಡನೇ ಗ್ರಾಮಸಭೆಗೆ ನಾನೊಬ್ಬನೇ ಹೋಗಲಿಲ್ಲ, ಕೇರಿಯ ಹೆಣ್ಣುಮಕ್ಕಳೂ ಬಂದಿದ್ದರು. ಮೂರು ಮಾತನ್ನು ಠರಾವಿನ ಪುಸ್ತಕದಲ್ಲಿ ಬರೆಯಲು ಪಟ್ಟು ಹಿಡಿದೆವು: ಬೀಗದ ಕೈ ಪಂಚಾಯಿತಿ ಕಚೇರಿಯಲ್ಲಿ ಇರಬೇಕು, ಬಾಡಿಗೆ ಎಲ್ಲರಿಗೂ ಒಂದೇ ಎಂದು ಗೋಡೆಯ ಮೇಲೆ ಬರೆಸಬೇಕು, ಮೊದಲು ಕೇಳಿದವರಿಗೆ ಮೊದಲು ಎಂದು ಸರದಿಯ ಪುಸ್ತಕ ಇಡಬೇಕು. ಗದ್ದಲವಾಯಿತು. "ಇದೆಲ್ಲ ಬರೀಬೇಕೇನಮ್ಮ, ಊರಲ್ಲಿ ಒಗ್ಗಟ್ಟಿಲ್ವ?" ಎಂದು ಹಿರಿಯರೊಬ್ಬರು ಕೇಳಿದರು. "ಒಗ್ಗಟ್ಟಿದ್ರೆ ಬರೆಯೋಕೇನು ಕಷ್ಟ, ಬರೀಲಿ ಬುಡಿ" ಅಂದಳು ನಮ್ಮಕ್ಕ. ಬರೆದರು. ಅದರ ಜೆರಾಕ್ಸು ಪ್ರತಿ ನನ್ನ ಹತ್ತಿರ ಇದೆ. ಕಟ್ಟಡ ಈಗ ಸಜ್ಜಾ ಮಟ್ಟಕ್ಕೆ ಬಂದಿದೆ. ಬಾಗಿಲು ಇನ್ನೂ ಕೂರಿಸಿಲ್ಲ.